ನಿಧಾನಕ್ಕೆ ತಿರುಗುತ್ತಿದ್ದ ಪ್ಲೇಟು

"ಗುರುಗಳೇ, ಭಾನುವಾರ ನಾನೇ ಸಾರು ಮಾಡ್ತೀನಿ. ನಾನು ಆ ಕಡೆ ಹೋದಮೇಲೆ ನನ್ನ ಹೆಂಡತಿ ಗುಟ್ಟಾಗಿ ಅದಕ್ಕೆ ಉಪ್ಪು, ಹುಳಿ ಸರಿಮಾಡ್ತಾಳೆ. ಮದುವೆ ಆದಾಗಿಂದ ಹೀಗೇ ನಡೆದಿದೆಯಂತೆ, ನಿನ್ನೆ ಸಿಕ್ಕಿಬಿದ್ದಳು. ಇದು ಮೋಸ ಅಲ್ವಾ? ಮಾತು ಬಿಟ್ಟಿದೀನಿ," ಅಂದ ಶಿಷ್ಯ.

ಗುರುಗಳು ಬಾಯಲ್ಲಿದ್ದ ಅಡಿಕೇನ ಇನ್ನೊಂದು ದವಡೆಗೆ ಸರಿಸಿ ಕತೆ ಶುರುಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಆನೆ ಮೈ, ಗುಡುಗಿನ ದನಿ. ಅವನು ಕೆಮ್ಮಿದರೆ ಅಂಗಡಿಯ ಕೊಳಗಗಳೆಲ್ಲ ಝಣ್ ಅಂತಿದ್ವು. ನಗಬೇಡ, ಒಂದು ಕೊಳಗ ಸೀಳಿದ್ದನ್ನ ನಾನೇ ನೋಡಿದೀನಿ.

ಅವನು ಗುಜರಿ ಅಂಗಡಿಯಿಂದ ಒಂದು ಹಳೇ ರೆಕಾರ್ಡ್ ಪ್ಲೇಯರು, ಒಂದು ಹಳೇ ಪ್ಲೇಟು ತಂದ. ಭಾವಗೀತೆಗಳ ಪ್ಲೇಟು. ಕವರಿಲ್ಲ, ಮಧ್ಯದ ಚೀಟಿ ಕಿತ್ತುಹೋಗಿ ಹಾಡಿದವರು ಯಾರು ಅಂತಾನೂ ತಿಳೀತಿರಲಿಲ್ಲ. ಹಾಕಿದ. ಗಂಭೀರವಾದ ಗಂಡು ದನಿ, ಒಂದೊಂದು ಮಾತನ್ನೂ ಎಳೆದೆಳೆದು ಹಾಡ್ತಿತ್ತು. ಅವನ ದನಿಗೆ ಹೇಳಿಮಾಡಿಸಿದ ಹಾಗಿತ್ತು. ಅವತ್ತಿಂದ ದಿನಾ ಸಂಜೆ ಪ್ಲೇಟಿನ ಜೊತೆ ತಾನೂ ಹಾಡೋದು. ಬೀದಿ ಬೆಕ್ಕುಗಳೆಲ್ಲ ಗುಳೆ ಹೋದವು. ಗಿರಾಕಿಗಳು ಮನೆಗೆ ಬಂದರೆ, "ಗಂಡಸು ಅಂದ್ರೆ ಹೀಗೆ ಹಾಡಬೇಕು ಸ್ವಾಮಿ," ಅಂತಿದ್ದ. ಹೆಂಡತಿ ಒಳಗೆ ಅಕ್ಕಿ ಆರಿಸ್ತಾ ಕೂತಿರ್ತಿದ್ದಳು.

ಹೀಗೇ ವರ್ಷಗಳು ಕಳೆದವು. ಒಂದು ದಿನ ಪ್ಲೇಯರಿನ ಬೆಲ್ಟು ತುಂಡಾಯ್ತು. ರಿಪೇರಿಯವನು ಹೊಸದು ಹಾಕಿಕೊಟ್ಟ. ವ್ಯಾಪಾರಿ ಮನೆಗೆ ತಂದು ಪ್ಲೇಟು ಹಾಕಿದರೆ ಒಂದು ಹೆಂಗಸು ಹಾಡ್ತಿದಾಳೆ.

"ಆ ಕಳ್ಳ ನನ್ನ ಪ್ಲೇಟು ಬದಲಾಯಿಸಿದಾನೆ," ಅಂತ ಚಪ್ಪಲಿ ಮೆಟ್ಟಿಕೊಂಡ.

"ಇಲ್ಲಾರೀ," ಅಂದಳು ಹೆಂಡತಿ. "ಅದೇ ಪ್ಲೇಟು. ಹಳೇ ಬೆಲ್ಟು ಸಡಿಲ ಆಗಿತ್ತು, ನಿಧಾನಕ್ಕೆ ತಿರುಗ್ತಿತ್ತು. ಅದಕ್ಕೇ ದನಿ ದಪ್ಪ ಕೇಳ್ತಿತ್ತು. ಇದು ಹೆಂಗಸಿನ ಹಾಡೇ. ತವರಲ್ಲಿ ರೇಡಿಯೋದಲ್ಲಿ ದಿನಾ ಕೇಳ್ತಿದ್ದೆ."

"ಮೊದಲೇ ಗೊತ್ತಿತ್ತಾ ನಿನಗೆ? ಮತ್ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ಸರಿಮಾಡಿಸ್ತಿದ್ರಿ. ಸರಿಯಾದ್ರೆ ಅಷ್ಟು ಮೇಲಿನ ದನಿಗೆ ನಿಮ್ಮ ಗಂಟಲು ಏರ್ತಿರಲಿಲ್ಲ. ಅಷ್ಟು ಖುಷಿಯಾಗಿ ಹಾಡ್ತಿದ್ರಲ್ಲ."

ಅವನಿಗೆ ಊರೆಲ್ಲ ನಕ್ಕ ಹಾಗಾಯ್ತು. ಹೆಂಡತಿ ಜೊತೆ ಮಾತು ಬಿಟ್ಟ. ಪ್ಲೇಟು ಮುಟ್ಟಲಿಲ್ಲ. ತಟ್ಟೆ ಮುಂದೆ ಕೂರೋದು, ಉಣ್ಣೋದು, ಏಳೋದು. ಹಾಡಿಲ್ಲದ ಮನೆಯಲ್ಲಿ ಅವನಿಗೇ ಉಸಿರು ಕಟ್ಟಿದ ಹಾಗಿತ್ತು, ಆದರೆ ಬಿಗುಮಾನ ಬಿಡಲಿಲ್ಲ. ಅವನ ಮೀಸೆ ಕೂಡ ಅವಳ ಕಡೆ ತಿರುಗದ ಹಾಗೆ ಒಂದೇ ಪಕ್ಕಕ್ಕೆ ವಾಲಿತ್ತು ಅಂತಾರೆ. ಇದು ಬೇಕಾದರೆ ನಂಬು.

ಒಂದು ಮಧ್ಯಾಹ್ನ ಊಟ ಮುಗಿಸಿ ಹೊರಟವನು, ಅಂಗಡಿ ಬೀಗದ ಕೈ ಮರೆತು ಮನೆಗೆ ವಾಪಸ್ ಬಂದ. ಒಳಗೆ ಪ್ಲೇಟು ಹಾಡ್ತಿತ್ತು. ಅದರ ಜೊತೆ ಇನ್ನೊಂದು ದನಿ ಇತ್ತು. ಪ್ಲೇಟಿನವಳು ಎಲ್ಲಿ ಏರಿದರೆ ಅಲ್ಲಿ ಏರ್ತಿತ್ತು, ಎಲ್ಲಿ ತಡೆದರೆ ಅಲ್ಲಿ ತಡೀತಿತ್ತು. ಅವನು ಬಾಗಿಲಲ್ಲೇ ನಿಂತ. ಹಾಡು ಅವನದೇ ಹಾಡು. ದನಿ ಅವನ ಹೆಂಡತೀದು. ಇಷ್ಟು ವರ್ಷ ಪ್ಲೇಟು ಅವನ ದನಿಗೆ ಇಳಿದಿತ್ತು, ಅವಳು ಜೊತೆಗೆ ಹಾಡೋ ಹಾಗೇ ಇರಲಿಲ್ಲ.

ಅವನನ್ನ ಕಂಡು ಅವಳು ಥಟ್ಟನೆ ನಿಲ್ಲಿಸಿ, ಪ್ಲೇಯರು ಆರಿಸೋಕೆ ಕೈ ಚಾಚಿದಳು.

"ಆರಿಸಬೇಡ ಕಣೆ," ಅಂದ ವ್ಯಾಪಾರಿ. "ಪ್ಲೇಟು ತಿರುಗಿಸಿ ಹಾಕು. ಆ ಕಡೇದೂ ಹಾಡು."

"ನೀವು ಹಾಡಲ್ವಾ?"

"ನಾನು ಅಕ್ಕಿ ಆರಿಸ್ತೀನಿ."

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. "ಎಂಥ ಮನುಷ್ಯ ಗುರುಗಳೇ ಅವನು. ಕಟ್ಟಿಕೊಂಡವಳಿಗೆ ಹಾಡೋಕೆ ಬರುತ್ತೆ ಅನ್ನೋದೇ ಅಷ್ಟು ವರ್ಷ ಗೊತ್ತಿರಲಿಲ್ವಾ?"

"ಅದಿರಲಿ," ಅಂದರು ಗುರುಗಳು, "ನಿನ್ನ ಹೆಂಡತಿಗೆ ಹಾಡೋಕೆ ಬರುತ್ತಾ?"

ಶಿಷ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಕೇಳಿಕೊಂಡು ಬರ್ತೀನಿ," ಅಂದ.