ಒನಕೆ ಮತ್ತು ಒಗೆಯುವ ಕಲ್ಲು

ಜಪಾನೀ ಸೈನ್ಯ ಅಂಡಮಾನನ್ನು ಆಳುತ್ತಿದ್ದ ಕಾಲ. ಭತ್ತವೆಲ್ಲ ಸೈನ್ಯದ ಪಾಲಾಗಿತ್ತು. ಕುಟ್ಟುವ ಸದ್ದು ಕೇಳಿದ ಮನೆಗೆ ಬೂಟು ನುಗ್ಗುತ್ತಿತ್ತು. ತುಂಗವ್ವ ಹಸಿದ ಮಗಳಿಗಾಗಿ ಬಚ್ಚಿಟ್ಟಿದ್ದ ಭತ್ತವನ್ನು ಒರಳಿಗೆ ಸುರಿದಾಗ ಒನಕೆ ನಡುಗಿತು.

"ನಾನು ಸದ್ದು ಮಾಡಿದರೆ ಮನೆ ಹಾಳು."

ಹಿತ್ತಿಲ ಒಗೆಯುವ ಕಲ್ಲು ನಕ್ಕಿತು. "ಎಲೆ ಪುಕ್ಕಲೇ, ನನ್ನ ಮೇಲೆ ಬಟ್ಟೆ ಬೀಳುವಾಗಲೇ ನೀನೂ ಬೀಳು."

ಪಕ್ಕದ ಮನೆಯ ಹಸೀನಾಬಿ ಬಂದು ಕಲ್ಲಿನ ಮೇಲೆ ಸೀರೆ ಬಡಿದಳು. ಅದೇ ಗಳಿಗೆಗೆ ಒನಕೆಯೂ ಬಿತ್ತು. ಆಚೆ ಮನೆಗಳ ಕಲ್ಲುಗಳೂ ದನಿಗೂಡಿಸಿದವು.

ಬೂಟು ಬಂದು ನಿಂತಿತು. "ಈ ಕೇರಿಯಲ್ಲಿ ಇಷ್ಟೇಕೆ ಒಗೆತ?"

"ತಾವು ದಿನವೂ ಬರುತ್ತೀರಲ್ಲ ಸ್ವಾಮಿ," ಎಂದಿತು ಕಲ್ಲು, "ತಮ್ಮ ಧೂಳು ತೊಳೆಯಬೇಡವೇ?"

ಬೂಟು ತನ್ನ ಮೈ ನೋಡಿಕೊಂಡು ಹೊರಟುಹೋಯಿತು. ಆ ಸಂಜೆ ತುಂಗವ್ವನ ಮಗಳು ಗಂಜಿ ಕುಡಿದಳು. ಮರುದಿನ ಪಕ್ಕದ ಕೇರಿಯಲ್ಲೂ ಒಗೆತ ಶುರುವಾಯಿತು.