ಹೊಳೆ ದಾಟಿದ ಎರಡು ಗಿಟಾರು

ಹೊಳೆಯ ದಡದಲ್ಲಿ ಇನಾಸ್ ಮಾಸ್ತರರ ಮನೆಯಿತ್ತು. ಅವರು ಅಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಸುತ್ತಿದ್ದರು.

ಮನೆಯಲ್ಲಿ ಎರಡು ಗಿಟಾರುಗಳಿದ್ದವು. ಎರಡೂ ಒಂದೇ ಆಕಾರ, ಒಂದೇ ಕೆಂಪು ಬಣ್ಣ. ಒಂದು ಅಮೆರಿಕದಲ್ಲೇ ತಯಾರಾದದ್ದು. ಇನ್ನೊಂದು ಅದೇ ಮಾದರಿಯ ಅಗ್ಗದ್ದು, ಇಂಡೋನೇಷ್ಯಾದಿಂದ ಬಂದದ್ದು. ಮೊದಲನೆಯದನ್ನು ಮಾಸ್ತರರು ನುಡಿಸುತ್ತಿದ್ದರು. ಎರಡನೆಯದರ ಮೇಲೆ ಶಿಷ್ಯರು ಕಲಿಯುತ್ತಿದ್ದರು.

ಶಿಷ್ಯರಲ್ಲಿ ಉಲ್ಲಾಸ ಎಂಬವನೊಬ್ಬ. ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಅವನ ಕೆಲಸ. ಕೈ ಚೆನ್ನಾಗಿತ್ತು, ಕಿವಿಯೂ ಚೆನ್ನಾಗಿತ್ತು. ಆದರೆ ಅವನಿಗೆ ಭಯ.

ಆ ಭಯ ಅಂಟಿಕೊಂಡದ್ದು ಹುಬ್ಬಳ್ಳಿಯ ಒಂದು ಸ್ಪರ್ಧೆಯಲ್ಲಿ. ಶಿಷ್ಯರ ಗಿಟಾರನ್ನೇ ಒಯ್ದಿದ್ದ. ನುಡಿಸುತ್ತಿರುವಾಗ ನಡುವೆ ಒಂದು ತಂತಿಯ ಶ್ರುತಿ ಇಳಿಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಉಲ್ಲಾಸನ ಬೆರಳುಗಳು ನಿಂತವು, ಮತ್ತೆ ಏಳಲಿಲ್ಲ. ಅವನು ಪರದೆಯ ಹಿಂದೆ ಹೋದ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋದ.

ಆಮೇಲೆ ಎದುರಿಗೆ ಯಾರಾದರೂ ಕೂತರೆ ಸಾಕು, ದಿನವಿಡೀ ಐಸ್ ಹೊರುವ ಆ ಕೈ ಬೆವರುತ್ತಿತ್ತು.

ಒಂದು ದಿನ ಮಾಸ್ತರರು ಅವನನ್ನು ಕರೆದು, ಆಚೆ ದಡದ ವಾಚನಾಲಯದ ಸಭಾಂಗಣದಲ್ಲಿ ತಮ್ಮ ಕಾರ್ಯಕ್ರಮವಿದೆ, ನೀನು ಜೊತೆಗೆ ನುಡಿಸಬೇಕು ಎಂದರು.

ಉಲ್ಲಾಸ ತಲೆ ತಗ್ಗಿಸಿ, ಶಿಷ್ಯರ ಗಿಟಾರಿನಲ್ಲಿ ತನ್ನಿಂದಾಗದು ಎಂದ. ಕಾರಣವನ್ನೂ ಹೇಳಿದ. ಅಗ್ಗದ್ದರ ತಂತಿ ಬಿಗಿಯುವ ಬಿರಡೆಗಳು ಸಡಿಲ, ಶ್ರುತಿ ನಿಲ್ಲುವುದಿಲ್ಲ. ಕುತ್ತಿಗೆಯ ಮೇಲಿನ ಲೋಹದ ಫ್ರೆಟ್‌ಗಳ ತುದಿ ಅಂಗೈಯನ್ನು ತರಚುತ್ತದೆ. ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸ್ವರಕ್ಕಿಂತ ಮೊದಲು ಗುಂಯ್ ಎಂಬ ಸದ್ದು ಬರುತ್ತದೆ. ಅಮೆರಿಕದ್ದು ಹಾಗಲ್ಲ. ಅದರ ಕುತ್ತಿಗೆ ಕೈಯೊಳಗೆ ತಾನಾಗಿ ಕೂರುತ್ತದೆ. ತಂತಿಯನ್ನು ಎಷ್ಟು ಎಳೆದು ಬಿಟ್ಟರೂ ಸ್ವರ ತನ್ನ ಜಾಗಕ್ಕೆ ಮರಳುತ್ತದೆ.

ಮಾಸ್ತರರು ಪೂರ್ತಿ ಕೇಳಿಸಿಕೊಂಡರು.

"ನೀನು ಹೇಳಿದ್ದೆಲ್ಲ ನಿಜ," ಎಂದರು. ಎದ್ದು ಹೋಗಿ ತಮ್ಮ ಗಿಟಾರನ್ನು ತಂದು ಅವನ ಮಡಿಲಲ್ಲಿಟ್ಟರು. "ತಗೊಂಡು ಹೋಗು."

ಉಲ್ಲಾಸ ಅದನ್ನು ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮನೆಗೆ ಹೋದ.

ಮೊದಲ ದಿನ ಖುಷಿಯಿತ್ತು. ಮರುದಿನ ಕಡಲಗಾಳಿಯ ನೆನಪಾಯಿತು. ಉಪ್ಪಿನ ಗಾಳಿಗೆ ತಂತಿ ತುಕ್ಕು ಹಿಡಿದರೆ? ಅವನು ಗಿಟಾರಿಗೆ ಕಂಬಳಿ ಸುತ್ತಿ ಮಂಚದ ಕೆಳಗಿಟ್ಟ. ಗೆದ್ದಲಿನ ನೆನಪಾಗಿ ಕಪಾಟಿನ ಮೇಲಿಟ್ಟ. ಬಿದ್ದರೆ ಎಂದು ಮತ್ತೆ ಕೆಳಗಿಳಿಸಿದ.

ಫ್ಯಾಕ್ಟರಿಯಲ್ಲಿ ಐಸ್ ಒಡೆಯುವಾಗ, ಮನೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಓಡಿ ಬಂದು ನೋಡಿ ಹೋಗುತ್ತಿದ್ದ. ನುಡಿಸಲು ಕೂತರೆ ಮೊದಲು ಸೊಂಟದ ಬೆಲ್ಟು ಬಿಚ್ಚಿಡುತ್ತಿದ್ದ, ಅದರ ಬಕಲು ತಾಗಿ ಗೀರು ಬಿದ್ದೀತು ಎಂದು. ತಂತಿಯನ್ನು ಎಳೆಯುವುದನ್ನೇ ನಿಲ್ಲಿಸಿದ. ಕೊನೆಕೊನೆಗೆ ಕಂಬಳಿ ಬಿಚ್ಚುವುದೂ ಕಡಿಮೆಯಾಯಿತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಅವನು ಗಿಟಾರು ತೆಗೆದುಕೊಂಡು ಮಾಸ್ತರರ ಮನೆಗೆ ಬಂದ. ಮಾಸ್ತರರು ಅವನ ಎಡಗೈ ಹಿಡಿದು ಬೆರಳತುದಿಗಳನ್ನು ಒತ್ತಿ ನೋಡಿದರು. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಚರ್ಮ ಮೆತ್ತಗಾಗಿತ್ತು.

"ಆ ಗಿಟಾರು ನಿನ್ನನ್ನು ಹೆದರಿಸುತ್ತಿತ್ತು," ಎಂದರು. "ಇದು?"

"ಇದಕ್ಕೆ ಏನಾದರೂ ಆದೀತು ಅಂತ ಹೆದರಿಕೆ."

ಮಾಸ್ತರರು ಶಿಷ್ಯರ ಗಿಟಾರನ್ನು ತಾವು ಬೆನ್ನಿಗೆ ಹಾಕಿಕೊಂಡು ದೋಣಿ ನಿಲ್ಲುವ ದಕ್ಕೆಯ ಕಡೆ ನಡೆದರು.

ಅಂದು ಗಾಳಿ ಜೋರಾಗಿತ್ತು. ದೋಣಿ ಏಳುತ್ತ ಬೀಳುತ್ತ ಹೋಯಿತು. ಉಲ್ಲಾಸ ಅಮೆರಿಕದ ಗಿಟಾರನ್ನು ಎರಡೂ ತೋಳುಗಳಲ್ಲಿ ತಬ್ಬಿಕೊಂಡು ಕೂತಿದ್ದ. ನೀರು ಸಿಡಿದಾಗಲೆಲ್ಲ ಅದರ ಮೇಲೆ ಬಾಗುತ್ತಿದ್ದ. ಪಕ್ಕದಲ್ಲಿ ಬುದವಂತಿ ಎಂಬ ಮುದುಕಿ ಕೂತಿದ್ದಳು. ಮಗಳು ಹೆತ್ತಿದ್ದಾಳೆ, ಮೊಮ್ಮಗುವನ್ನು ನೋಡಲು ಹೊರಟಿದ್ದೇನೆ ಎಂದು ಅವಳು ಹೇಳುತ್ತಿದ್ದಳು. ಅದು ಅವನ ಕಿವಿಗೆ ಬೀಳಲಿಲ್ಲ.

ಆಚೆಯ ದಕ್ಕೆ ಹತ್ತಿರವಾದಾಗ ಬುದವಂತಿ ಎದ್ದು ನಿಂತಳು. ಅಷ್ಟರಲ್ಲಿ ಒಂದು ಅಲೆ ಬಂತು. ದೋಣಿ ವಾಲಿತು. ಅವಳು ದೋಣಿಗೂ ದಕ್ಕೆಯ ಕಲ್ಲಿಗೂ ನಡುವಿನ ಸಂದಿಗೆ ಜಾರಿದಳು.

ಜಾರುತ್ತ ಅವಳು ಉಲ್ಲಾಸನ ಅಂಗಿಯ ತೋಳು ಹಿಡಿದಳು.

ಅವನು ಅವಳ ಮುಖ ನೋಡಿದ. ಅವಳ ಕೈ ನೋಡಿದ. ಅವನ ತೋಳುಗಳು ಬಿಚ್ಚಲಿಲ್ಲ.

ಅಂಗಿ ಅವಳ ಕೈಯಿಂದ ತಪ್ಪಿತು. ಎದುರಿನ ಹಲಗೆಯಿಂದ ಮಾಸ್ತರರು ಹಾರಿ ಬಂದು ಅವಳ ರಟ್ಟೆ ಹಿಡಿದರು. ಹಿಡಿದು ಮೇಲೆಳೆಯುವಾಗ ದೋಣಿ ತಿರುಗಿ ಕಲ್ಲಿಗೆ ಬಡಿಯಿತು. ನಡುವೆ ಮಾಸ್ತರರ ಎಡಗೈ ಇತ್ತು.

ಬುದವಂತಿ ಉಳಿದಳು. ಅವಳ ಮೊಣಕಾಲು ತರಚಿತ್ತು, ಸೀರೆ ಒದ್ದೆಯಾಗಿತ್ತು, ಅಷ್ಟೆ. ಗಿಟಾರಿಗೆ ಏನೂ ಆಗಿರಲಿಲ್ಲ.

ಡಾಕ್ಟರು ಮಾಸ್ತರರ ಕೈಗೆ ಪಟ್ಟಿ ಕಟ್ಟಿದರು. ಎರಡು ಬೆರಳು ಮುರಿದಿವೆ ಎಂದರು. ಮೊದಲಿನಂತೆ ಮಡಚಲು ಬರುತ್ತದೆಯೇ ಎಂದು ಉಲ್ಲಾಸ ಕೇಳಿದ. ಡಾಕ್ಟರು ಮಾತ್ರೆ ಬರೆದರು.

ಹೊರಗೆ ಬಂದ ಉಲ್ಲಾಸ ಗೋಡೆಗೆ ಒರಗಿ ನಿಂತ.

"ಆ ಅಜ್ಜಿ ನನ್ನ ತೋಳು ಹಿಡಿದರು ಮಾಸ್ತರೇ. ನಾನು ನೋಡಿದೆ. ಆದರೂ ಗಿಟಾರು ಬಿಡಲಿಲ್ಲ."

"ನಾನೂ ನೋಡಿದೆ."

"ಬೈಯಿರಿ."

ಮಾಸ್ತರರು ಬೈಯಲಿಲ್ಲ. "ಮಡಿಲಲ್ಲಿ ಶಿಷ್ಯರ ಗಿಟಾರು ಇದ್ದಿದ್ದರೆ?" ಎಂದು ಕೇಳಿದರು.

ಉಲ್ಲಾಸ ಅವರ ಪಟ್ಟಿ ಕಟ್ಟಿದ ಕೈ ನೋಡಿದ. "ಹೊಳೆಗೆ ಎಸೆದು ಅವರನ್ನು ಹಿಡಿಯುತ್ತಿದ್ದೆ," ಎಂದ.

"ಜನ ಬಂದು ಕೂತಿರುತ್ತಾರೆ. ನಡಿ."

ತನ್ನೊಬ್ಬನಿಂದ ಆಗುವುದಿಲ್ಲ ಎಂದು ಅವನು ಬೇಡಿಕೊಂಡ. ಮಾಸ್ತರರು ಆಗಲೇ ಮುಂದೆ ನಡೆಯುತ್ತಿದ್ದರು.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಎರಡು ಗಿಟಾರುಗಳನ್ನೂ ಇಡಿಸಿ, ಮಾಸ್ತರರು ಕೆಳಗೆ ಜನರ ನಡುವೆ ಹೋಗಿ ಕೂತರು. ಯಾವುದನ್ನು ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ.

ಹುಬ್ಬಳ್ಳಿಯಲ್ಲಿ ಕೇಳಿದ ನಗು ಉಲ್ಲಾಸನ ಕಿವಿಯಲ್ಲಿತ್ತು. ಹಿಂದಿನ ಬಾಗಿಲು ತೆರೆದೇ ಇತ್ತು. ಅವನು ಅದರ ಕಡೆ ನೋಡಿದ.

ಆಗ ಮುಂದಿನ ಸಾಲಿನಲ್ಲಿ ಬುದವಂತಿ ಕಂಡಳು. ಮಗಳ ಸೀರೆ ಉಟ್ಟು, ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಅವನು ಮೆಟ್ಟಿಲಿಳಿದು ಅವಳ ಹತ್ತಿರ ಹೋದ.

"ಕೈಯಲ್ಲಿ ಸಾಮಾನಿತ್ತಲ್ಲ ತಮಾ," ಎಂದಳು ಅವಳು. "ನೀನಾದರೂ ಏನು ಮಾಡುವುದು?"

ಅವಳು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದಳು. ಉಲ್ಲಾಸನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅವನು ಹಿಂದಿರುಗಿ ಅಮೆರಿಕದ ಗಿಟಾರನ್ನೇ ಎತ್ತಿಕೊಂಡ. ಬೆಲ್ಟು ಬಿಚ್ಚಲಿಲ್ಲ. ಮಾಸ್ತರರು ಕಟ್ಟಿದ ರಾಗವನ್ನು ಶುರು ಮಾಡಿದ. ಒಂದೆರಡು ಸ್ವರ ತಪ್ಪಿದವು. ಎಳೆಯಬೇಕಾದ ಜಾಗದಲ್ಲಿ ತಂತಿಯನ್ನು ಪೂರ್ತಿ ಎಳೆದ. ಗಿಟಾರಿನ ಬೆನ್ನಿಗೆ ಬಕಲು ತಾಗಿ ಕರ್ ಎಂದು ಗೀರಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ನುಡಿಸುತ್ತ ಹೋದ.

ನಡುವೆ ಮೂರನೆಯ ತಂತಿಯ ಶ್ರುತಿ ಇಳಿಯಿತು.

ಈಗ ದೂರಲು ಯಾವುದೂ ಇರಲಿಲ್ಲ. ಬೆರಳುಗಳು ನಿಂತವು. ಜನ ಕಾದರು. ಹಿಂದೆ ಯಾರೋ ಕೆಮ್ಮಿದರು. ಅವನು ಮಾಸ್ತರರ ಕಡೆ ನೋಡಿದ. ಅವರು ಪಟ್ಟಿ ಕಟ್ಟಿದ ಕೈಯನ್ನು ಎದೆಗಾನಿಸಿ ಕಣ್ಣು ಮುಚ್ಚಿ ಕೂತಿದ್ದರು.

ಉಲ್ಲಾಸ ಎಲ್ಲರೆದುರು ಬಿರಡೆ ತಿರುಗಿಸಿದ, ಕೇಳಿದ, ಮತ್ತೆ ತಿರುಗಿಸಿದ. ಶ್ರುತಿ ಕೂಡಿದ ಮೇಲೆ, ನಿಂತಲ್ಲಿಂದಲೇ ಮುಂದುವರಿಸಿ ರಾಗವನ್ನು ಮುಗಿಸಿದ.

ಪಟ್ಟಿ ಬಿಚ್ಚಿದ ಮೇಲೆ ಮಾಸ್ತರರ ಬೆರಳುಗಳು ಮಡಚಲಿಲ್ಲ. ಅವರು ಕಲಿಸುವುದನ್ನು ನಿಲ್ಲಿಸಲಿಲ್ಲ. ಬಾಯಲ್ಲಿ ಹೇಳಿ ಕಲಿಸತೊಡಗಿದರು.

ಒಂದು ಬೆಳಿಗ್ಗೆ ಉಲ್ಲಾಸನನ್ನು ಕರೆಸಿ, ಎರಡು ಗಿಟಾರುಗಳನ್ನೂ ಚಾಪೆಯ ಮೇಲಿಟ್ಟರು. ತಾವಿನ್ನು ನುಡಿಸುವುದಿಲ್ಲ, ಒಂದು ನಿನಗೆ, ಇನ್ನೊಂದು ಕಲಿಯಲು ಬರುವವರಿಗೆ ಎಂದರು.

ಉಲ್ಲಾಸ ಒಂದರ ಕುತ್ತಿಗೆ ಮುಟ್ಟಿದ. ಇನ್ನೊಂದನ್ನೂ ಮುಟ್ಟಿದ. ಅವನ ಅಂಗೈ ಬೆವರಿತ್ತು.

"ಮಾಸ್ತರೇ, ನನಗೆ ಭಯವಾಗುತ್ತದೆ. ಯಾವುದನ್ನು ಹಿಡಿದುಕೊಳ್ಳಲಿ?"

ಮಾಸ್ತರರು ಹೊಳೆಯ ಕಡೆ ನೋಡುತ್ತ ಹೇಳಿದರು:

"ಯಾವುದನ್ನು ಬಿಡಬಲ್ಲೆಯೋ, ಅದನ್ನು."