ಇಲಿಮುಕ್ತ ಊರಿನ ಪ್ರಕಟಣೆ

ಪುರಸಭೆಯ ಮುಖ್ಯಾಧಿಕಾರಿ ಗುಮಾಸ್ತ ಫಕೀರಪ್ಪನನ್ನು ಕರೆದು ಗದರಿದರು. "ಊರಲ್ಲಿ ಒಂದೂ ಇಲಿ ಉಳಿದಿಲ್ಲ ಅಂತ ಬರೆದು ಸಹಿ ಹಾಕು. ಇಲ್ಲಾಂದ್ರೆ ನಾಳೆನೇ ವರ್ಗ!"

ಸುಳ್ಳಿಗೆ ಸಹಿ ಹಾಕಿದರೆ ಮುಂದೆ ಸಿಕ್ಕಿಬೀಳುವವನು ತಾನೇ ಎಂದು ಫಕೀರಪ್ಪನಿಗೆ ಗೊತ್ತಿತ್ತು.

"ಆಗಲಿ ಸರ್. ಆದ್ರೆ ಮೊದಲು ನೋಟಿಸ್ ಬೋರ್ಡಿಗೆ ಅಂಟಿಸಿ, ಏಳು ದಿನ ಆಕ್ಷೇಪಣೆ ಕರೀಬೇಕಲ್ಲ?"

"ಅಂಟಿಸು. ಯಾರು ಆಕ್ಷೇಪಿಸ್ತಾರೋ ನೋಡೇಬಿಡ್ತೀನಿ!"

ಫಕೀರಪ್ಪ ಮೈದಾ ಅಂಟು ಕಾಸಿದ. ಅದಕ್ಕೆ ಚೂರು ಬೆಲ್ಲ ಬೆರೆಸಿ, ಹಾಳೆಯ ಹಿಂದೆ ದಪ್ಪಗೆ ಬಳಿದು ಅಂಟಿಸಿದ.

ಮರುದಿನ ಬೋರ್ಡಿನಲ್ಲಿ ಉಳಿದದ್ದು ಹಾಳೆಯ ಒಂದು ಮೂಲೆ ಮಾತ್ರ. ಅದನ್ನೇ ತಂದು ಮೇಜಿನ ಮೇಲಿಟ್ಟ.

"ಆಕ್ಷೇಪಣೆ ಬಂದಿದೆ ಸರ್."

ಅಧಿಕಾರಿ ತಿರುವಿ ತಿರುವಿ ನೋಡಿದರು. "ಯಾರದ್ದಯ್ಯ? ಸಹಿನೇ ಇಲ್ಲ!"

"ಅವಕ್ಕೆ ಸಹಿ ಬರಲ್ಲ ಸರ್. ಹೆಬ್ಬೆಟ್ಟಿನ ಬದಲು ಹಲ್ಲು ಒತ್ತಿವೆ."

ಸಂಜೆಯೊಳಗೆ ಊರಿಗೆ ಇಲಿಬೋನುಗಳು ಬಂದವು. ಮೊದಲನೆಯದನ್ನು ಅಧಿಕಾರಿ ತಮ್ಮ ಮೇಜಿನ ಕೆಳಗೇ ಇಡಿಸಿಕೊಂಡರು.